‘ಕಡಿತ’ವೋ ‘ಅಪಕರ್ಷಣ’ವೋ? ಯುರೇನಿಯಂ ಆಕ್ಸೈಡ್ ಮತ್ತು ಇಂಗಾಲದ ವಿಷಯ

ಗೆಳೆಯರೇ,

ಒಂದು ಅನುವಾದ ತಿದ್ದುತ್ತಾ ಕೂತಿದ್ದೆ. ‘ಹೆಚ್ಚಿನ ತಾಪದಲ್ಲಿ ಇಂಗಾಲದಿಂದ ಯುರೇನಿಯಂ ಆಕ್ಸೈಡಿನ ಕಡಿತ’ ಎಂಬ ಸಾಲು ಎದುರಾಯಿತು. ಸಂಬಳ ಕಡಿತ, ವಿದ್ಯುತ್ ಕಡಿತ ಗೊತ್ತು. ಇದೇನಪ್ಪ ಆಕ್ಸೈಡ್ ಕಡಿತ? ‘ರಿಡಕ್ಷನ್’ಗೆ ನಿಘಂಟಿನಲ್ಲಿ ಮೊದಲು ಸಿಕ್ಕ ಅರ್ಥವನ್ನೇ ಹಾಕಿಬಿಟ್ಟಿದ್ದಾರೆ.

ಶಾಲೆಯ ಪುಸ್ತಕದ ಪದ ‘ಅಪಕರ್ಷಣ’, ಅಂದರೆ ಇಲ್ಲಿ ಆಮ್ಲಜನಕ ಕಳೆಯುವುದು; ಅದರ ಜೋಡಿ ‘ಉತ್ಕರ್ಷಣ’, ಆಮ್ಲಜನಕ ಸೇರಿಸುವುದು. ಅದನ್ನು ಹಾಕಿ ಮುಗಿಸಬಹುದಿತ್ತು. ಆದರೆ ಅಪಕರ್ಷಣ ಎಂದ ಕೂಡಲೇ ಓದುಗರಿಗೆ ನೆನಪಾಗುವುದು ಕಬ್ಬಿಣದ ಅದಿರು: ಆಮ್ಲಜನಕ ಹೋಯಿತು, ಲೋಹ ಬಂತು. ಇಲ್ಲಿ ಹಾಗಾಗುವುದಿಲ್ಲ. ಯುರೇನಿಯಂ ಡೈಆಕ್ಸೈಡಿನ ಪುಡಿಗೆ ಗ್ರಾಫೈಟ್ (ಇಂಗಾಲದ ಒಂದು ರೂಪ) ಪುಡಿ ಬೆರೆಸಿ, ಬಿಲ್ಲೆ ಒತ್ತಿ, ಗಾಳಿ ತೆಗೆದ ಕುಲುಮೆಯಲ್ಲಿ ಸುಮಾರು 1500 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸುತ್ತಾರೆ. 270 ಗ್ರಾಂ ಆಕ್ಸೈಡಿಗೆ 36 ಗ್ರಾಂ ಇಂಗಾಲ. ಅದರಲ್ಲಿ 56 ಗ್ರಾಂ ಕಾರ್ಬನ್ ಮಾನಾಕ್ಸೈಡ್ ಆಗಿ ಹಾರಿಹೋಗುತ್ತದೆ. ಉಳಿಯುವ 250 ಗ್ರಾಂ ಯುರೇನಿಯಂ ಕಾರ್ಬೈಡ್, ಲೋಹವಲ್ಲ. ಆಮ್ಲಜನಕ ಬಿಟ್ಟ ಜಾಗಕ್ಕೆ ಇಂಗಾಲ ಬಂದು ಕೂತಿತು, ಅಷ್ಟೇ. (ತೂಕದಲ್ಲಂತೂ ಕಡಿತ ಆಗಿದೆ ಎಂದು ಅನುವಾದಕರು ವಾದಿಸಬಹುದು!)

ಈ ಗೊಂದಲ ಹಳೆಯದು. 1789ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಕ್ಲಾಪ್ರೋತ್ ಯುರೇನಿಯಂ ಸಂಯುಕ್ತವನ್ನು ಇದ್ದಿಲಿನ ಜೊತೆ ಕಾಯಿಸಿ, ಸಿಕ್ಕ ಕಪ್ಪು ಪುಡಿಯನ್ನೇ ಲೋಹ ಎಂದುಕೊಂಡಿದ್ದರು. ಅದು ಬರೀ ಆಕ್ಸೈಡ್ ಎಂದು 1841ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಪೆಲಿಗೊ ತೋರಿಸಿದರು. ಅವರು ಇಂಗಾಲ ಬಿಟ್ಟು, ಯುರೇನಿಯಂ ಕ್ಲೋರೈಡಿಗೆ ಪೊಟ್ಯಾಸಿಯಂ ಸೇರಿಸಿ ನಿಜವಾದ ಲೋಹ ಪಡೆದರು.

ಕ್ರಿಯಾಪದದಲ್ಲೂ ತೊಡಕಿದೆ. ಅದೇ ಅನುವಾದದಲ್ಲಿ ಒಂದು ಕಡೆ ‘ಸುಟ್ಟಾಗ’, ಇನ್ನೊಂದು ಕಡೆ ‘ಕರಗಿಸಿದಾಗ’ ಎಂದಿದೆ. ಸುಡುವುದೆಂದರೆ ಆಮ್ಲಜನಕ ಸೇರುವುದು, ಪೂರಾ ಉಲ್ಟಾ ಆಯಿತಲ್ವಾ? ಕರಗುವುದಂತೂ ಇಲ್ಲವೇ ಇಲ್ಲ, ಬಿಲ್ಲೆ ಘನವಾಗಿದ್ದೇ ಬದಲಾಗುತ್ತದೆ. ‘ಕಾಯಿಸಿದಾಗ’ ಸಾಕು.

ಇನ್ನು ಹೀಗೆ ಇಂಗಾಲದ ಜೊತೆ ಕಾಯಿಸಿ ಆಮ್ಲಜನಕ ಕಳೆಯುವುದಕ್ಕೆ ಇಂಗ್ಲಿಷಿನಲ್ಲಿರುವ ವಿಶೇಷಣ ‘ಕಾರ್ಬೋಥರ್ಮಿಕ್’. ‘ಇಂಗಾಲೋಷ್ಣ ಅಪಕರ್ಷಣ’ ಅಂತ ಸಂಧಿ ಮಾಡಿದರೆ ಇಂಗಾಲವೇ ಬಿಸಿ ಕೊಡುತ್ತದೆ ಎನ್ನಿಸುತ್ತದೆ. ಅಲ್ಯೂಮಿನಿಯಂ ಪುಡಿಯಿಂದ ಮಾಡುವ ಥರ್ಮೈಟ್‌ನಲ್ಲಿ ಅಂಥದ್ದು ನಿಜ, ಬಿಸಿ ಕ್ರಿಯೆಯ ಒಳಗಿಂದಲೇ ಹುಟ್ಟುತ್ತದೆ. ಇಲ್ಲಿ ಕ್ರಿಯೆ ಬಿಸಿಯನ್ನು ಹೀರಿಕೊಳ್ಳುತ್ತದೆ, ಹೊರಗಿಂದ ಕೊಡುತ್ತಲೇ ಇರಬೇಕು.

ನಾನು ಸದ್ಯಕ್ಕೆ ಹೀಗೆ ತಿದ್ದಿದ್ದೇನೆ: ‘ಯುರೇನಿಯಂ ಆಕ್ಸೈಡನ್ನು ಇಂಗಾಲದ ಜೊತೆ ಕಾಯಿಸಿ ಆಮ್ಲಜನಕ ಕಳೆಯುವುದು’. ಅರ್ಥ ಸರಿ, ಆದರೆ ತಲೆಬರಹಕ್ಕೆ ತೀರಾ ಉದ್ದ. ‘ಇಂಗಾಲದ ಅಪಕರ್ಷಣ’ ಎಂದರೆ ಇಂಗಾಲವನ್ನೇ ಅಪಕರ್ಷಿಸಿದಂತೆ ಕೇಳುತ್ತದೆ. ‘ಇಂಗಾಲದಿಂದ ಅಪಕರ್ಷಣ’ ನಡೆದೀತೇ? ಲೋಹಶಾಸ್ತ್ರ ಕನ್ನಡದಲ್ಲಿ ಪಾಠ ಮಾಡಿದವರು ತರಗತಿಯಲ್ಲಿ ಏನನ್ನುತ್ತಿದ್ದಿರಿ, ತಿಳಿಸಿ.