ಮಂಜಿನಲ್ಲಿ ಸಿಗಂದೂರು ಸೇತುವೆ ದಾಟಬೇಕು, ಜೊತೆಗೆ ಅಜ್ಜಿ ಇದ್ದಾರೆ. ಎಷ್ಟು ಹೊತ್ತಿಗೆ ಹೊರಡಲಿ?

ಶಿರಸಿ ಹುಡುಗ:

ಎಲ್ಲರಿಗೂ ನಮಸ್ಕಾರ. ಈ ತಿಂಗಳ ಕೊನೆಗೆ ಅಜ್ಜಿಯನ್ನು ಸಿಗಂದೂರಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಅಜ್ಜಿಗೆ ಎಂಬತ್ತು ದಾಟಿದೆ. ಅವರ ತವರುಮನೆ ಶರಾವತಿ ದಡದಲ್ಲಿತ್ತು. ಮದುವೆಯಾಗಿ ಶಿರಸಿ ಕಡೆ ಬಂದ ಮೇಲೆ ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತು ಆ ಊರು ಮುಳುಗಿತು. ಅಪ್ಪ, ಅಣ್ಣಂದಿರು ಎಲ್ಲ ಬೇರೆ ಬೇರೆ ಕಡೆ ಹೋಗಿ ನೆಲೆಸಿದರು. ಹಿನ್ನೀರಿಗೆ ಸೇತುವೆ ಆಗಿದೆ ಅಂತ ಟಿವಿಯಲ್ಲಿ ನೋಡಿದ ದಿನದಿಂದ ಅಜ್ಜಿಯದ್ದು ಒಂದೇ ಮಾತು: "ಒಂದ್ಸಲ ಅದ್ರ ಮೇಲೆ ಕರ್ಕಂಡು ಹೋಗು."

ಬೆಳಗಿನ ಪೂಜೆಗೆ ದೇವಸ್ಥಾನದಲ್ಲಿ ಇರಬೇಕು ಅಂತ ಅವರ ಆಸೆ. ಐದು ಗಂಟೆಗೆ ಶಿರಸಿ ಬಿಟ್ಟು, ಸಿದ್ದಾಪುರ, ತಾಳಗುಪ್ಪ, ಸಾಗರ, ಆವಿನಹಳ್ಳಿ ಮೇಲೆ ಹೋದರೆ ಏಳೂವರೆ ಹೊತ್ತಿಗೆ ಸೇತುವೆ ಹತ್ತಿರ ಇರಬಹುದು. ಆದರೆ ಗೆಳೆಯನೊಬ್ಬ ಮೊನ್ನೆ ವಿಡಿಯೋ ಕಳಿಸಿದ. ಬೆಳಗಿನ ಮಂಜು. ನೀರೂ ಇಲ್ಲ, ಕಂಬವೂ ಇಲ್ಲ, ಎದುರು ಬರುವ ಬಸ್ಸು ಹತ್ತಿರ ಬರುವ ತನಕ ಕಾಣುವುದೇ ಇಲ್ಲ. ನಮ್ಮದು ಹಳೆ ಆಲ್ಟೊ, ಫಾಗ್ ಲೈಟ್ ಇಲ್ಲ. ನನಗೆ ಶಿರಸಿಯ ಇಬ್ಬನಿಯಲ್ಲಿ ಗಾಡಿ ಓಡಿಸಿ ಗೊತ್ತು, ಇಷ್ಟು ಉದ್ದದ ಸೇತುವೆ ಮೇಲೆ ಗೊತ್ತಿಲ್ಲ.

ಅಮ್ಮನಿಗೆ ಇನ್ನೊಂದು ಹೆದರಿಕೆ. ಕಾರವಾರದ ಕಾಳಿ ಸೇತುವೆ ಬಿದ್ದ ಮೇಲೆ ಅವರು ಯಾವ ಸೇತುವೆಯನ್ನೂ ನಂಬುವುದಿಲ್ಲ. ಅವರಿಗೆ ಏನು ಹೇಳಲಿ?

ಮತ್ತೆ, ನಡು ಸೇತುವೆಯಲ್ಲಿ ಎರಡು ನಿಮಿಷ ನಿಲ್ಲಿಸಿ ಅಜ್ಜಿಗೆ ನೀರು ತೋರಿಸಬಹುದಾ?

ಹೊಳೆಯಾಚೆ ಮನೆ:

ತಮ್ಮಾ, ನಾನು ಸೇತುವೆಯಾಚೆ ತುಮರಿ ಕಡೆಯವಳು. ತವರು ಸಿದ್ದಾಪುರ. ಸಾಗರದಲ್ಲಿ ಕೆಲಸ, ಹಾಗಾಗಿ ಆ ಸೇತುವೆ ನನಗೆ ದಿನದ ದಾರಿ. ಮಂಜಿನಲ್ಲಿ ಸ್ಕೂಟಿಯಲ್ಲೂ ದಾಟಿದ್ದೇನೆ, ಕಾರಿನಲ್ಲೂ ದಾಟಿದ್ದೇನೆ.

ಮೊದಲು ನಿಮ್ಮ ಪ್ರಶ್ನೆಗೆ ಉತ್ತರ. ಐದಕ್ಕೆ ಹೊರಡಬೇಡಿ. ಏಳು ಗಂಟೆಗೆ, ಅಜ್ಜಿ ತಿಂಡಿ ತಿಂದ ಮೇಲೆ ಹೊರಡಿ. ನೀವು ಸೇತುವೆಯ ಸಾಗರ ಕಡೆಯ ದಡ ಹೊಳೆಬಾಗಿಲು ಮುಟ್ಟುವಾಗ ಬಿಸಿಲು ಬಂದಿರುತ್ತದೆ. ಮಧ್ಯಾಹ್ನದ ಪೂಜೆಗೆ ಆರಾಮಾಗಿ ಸಿಗುತ್ತೀರಿ. ದೇವಿಗೆ ಬೆಳಗಿನ ಪೂಜೆಗೆ ಬಂದವರೂ ಒಂದೇ, ಮಧ್ಯಾಹ್ನ ಬಂದವರೂ ಒಂದೇ ಅಂತ ಅಜ್ಜಿಗೆ ನಾನು ಹೇಳಿದೆ ಅಂತ ಹೇಳಿ.

ಯಾಕೆ ಅಂತ ಹೇಳುತ್ತೇನೆ. ಶಿರಸಿಯ ಇಬ್ಬನಿಗೂ ಹಿನ್ನೀರಿನ ಮಂಜಿಗೂ ವ್ಯತ್ಯಾಸ ಇದೆ. ಹಗಲು ಬಿಸಿಲಿಗೆ ಕಾದ ನೀರು ರಾತ್ರಿ ಬೇಗ ತಣಿಯುವುದಿಲ್ಲ. ಆಕಾಶ ಶುಭ್ರ ಇರುವ ಚಳಿ ರಾತ್ರಿ ಗುಡ್ಡಗಳ ಮೇಲಿನ ತಣ್ಣನೆ ಗಾಳಿ ಇಳಿದು ಬಂದು ಆ ನೀರಿನ ಮೇಲೆ ಕೂರುತ್ತದೆ. ಆಗ ನೀರಿನಿಂದಲೇ ಮಂಜು ಏಳುತ್ತದೆ. ಹಾಗಾಗಿ ಸಾಗರದಲ್ಲಿ ದಾರಿ ಸ್ವಚ್ಛ ಇರುತ್ತದೆ, ಆವಿನಹಳ್ಳಿಯಲ್ಲಿ ತೆಳ್ಳಗೆ ಇರುತ್ತದೆ, ಸೇತುವೆ ಹತ್ತಿದ ಕೂಡಲೇ ಒಮ್ಮೆಗೇ ದಟ್ಟ. ರಸ್ತೆಯಲ್ಲಿ ಬಂದ ಸ್ಪೀಡಿನಲ್ಲೇ ಅದರೊಳಗೆ ನುಗ್ಗುವವರು ಬ್ರೇಕ್ ಒತ್ತುವುದು ಅಲ್ಲೇ, ಹಿಂದಿನವನು ಬಂದು ಗುದ್ದುವುದಾದರೂ ಅಲ್ಲೇ. ಸೇತುವೆ ಕಾಣುವ ಮೊದಲೇ ಮೂವತ್ತಕ್ಕೆ ಇಳಿಸಿಕೊಳ್ಳಿ.

ಸೇತುವೆ ಸುಮಾರು 2.4 ಕಿ.ಮೀ. ಉದ್ದ. ಎರಡೇ ಲೇನ್, ಪಕ್ಕದಲ್ಲಿ ನಡೆಯುವ ಜಾಗ, ಆಮೇಲೆ ಕಂಬಿ. ಗಾಡಿ ಪಕ್ಕಕ್ಕೆ ತಗೊಳ್ಳಲು ಮಣ್ಣಿನ ಅಂಚು ಇಲ್ಲ. ಮಂಜು ದಟ್ಟ ಇದ್ದ ದಿನ ನನಗೆ ಕಾಣುವುದು ಎಡಗಡೆಯ ಬಿಳಿ ಗೆರೆ ಮಾತ್ರ. ಅದನ್ನೇ ಹಿಡಿದು ಹೋಗುತ್ತೇನೆ. ಕಿಟಕಿ ನಾಲ್ಕು ಬೆರಳು ಇಳಿಸಿರುತ್ತೇನೆ. ಎದುರು ಬರುವ ಬಸ್ಸು ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ಜಾಯಿಂಟ್ ಬಂದಲ್ಲಿ ಚಕ್ರ ಟಕ್ ಅನ್ನುತ್ತದೆ. ಮಂಜು ಕೇಬಲ್‌ಗೆ ತಾಗಿ ನೀರಾಗಿ ತೊಟ್ಟಿಕ್ಕುತ್ತಿರುತ್ತದೆ, ಮಳೆ ಬಂತಾ ಅಂತ ಮೊದಮೊದಲು ಅನ್ನಿಸುತ್ತದೆ. ಸ್ಕೂಟಿಯಲ್ಲಿ ಹೆಲ್ಮೆಟ್ ಗ್ಲಾಸು ಒರೆಸಿದಷ್ಟೂ ಮತ್ತೆ ಮಬ್ಬಾಗುತ್ತದೆ. ಈಗ ತೀರಾ ದಟ್ಟ ಇದ್ದರೆ ಸ್ಕೂಟಿ ತೆಗೆಯುವುದೇ ಇಲ್ಲ.

ಇನ್ನು ನಿಲ್ಲಿಸುವ ವಿಷಯ. ದಯವಿಟ್ಟು ನಿಲ್ಲಿಸಬೇಡಿ. ಮಂಜು ಇದ್ದರಂತೂ ಬೇಡವೇ ಬೇಡ. ಇದನ್ನು ನಿಮಗೊಬ್ಬರಿಗೇ ಅಲ್ಲ, ಓದುವ ಎಲ್ಲರಿಗೂ ಹೇಳುತ್ತಿದ್ದೇನೆ. ಭಾನುವಾರ ಬಂತು ಅಂದರೆ ನಡು ಸೇತುವೆಯಲ್ಲಿ ಕಾರು ನಿಲ್ಲಿಸಿ, ಎರಡೂ ಬಾಗಿಲು ತೆರೆದು, ರಸ್ತೆ ಮಧ್ಯೆ ನಿಂತು ರೀಲ್ಸ್ ಮಾಡುತ್ತಾರೆ. ಮಂಜು ಇದ್ದರೆ ಇನ್ನೂ ಖುಷಿ ಅವರಿಗೆ. ಹಿಂದಿನಿಂದ ಬರುವ ಬಸ್ಸಿನವನಿಗೆ ಅವರು ಕಾಣಬೇಕಲ್ಲ? ಮಕ್ಕಳನ್ನು ಕಂಬಿ ಹತ್ತಿಸಿ ಫೋಟೋ ತೆಗೆಯುವವರನ್ನೂ ನೋಡಿದ್ದೇನೆ. ನೋಡಿದಾಗೆಲ್ಲ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ನಮಗೆ ಈ ಸೇತುವೆ ಏನು ಅಂತ ಅವರಿಗೆ ಗೊತ್ತಾಗಬೇಕು. ಅಣೆಕಟ್ಟಿನ ಕೆಲಸ ಮುಗಿದದ್ದು 1964ರಲ್ಲಿ. ಕರೂರು, ಬಾರಂಗಿ ಹೋಬಳಿಯ ಊರುಗಳು ನೀರಿನ ಆಚೆ ಉಳಿದವು. ಸಾಗರ ನಮ್ಮ ತಾಲೂಕು ಕೇಂದ್ರ, ಆದರೆ ಆಸ್ಪತ್ರೆಗೆ, ಕಾಲೇಜಿಗೆ, ಕಚೇರಿಗೆ, ಎಲ್ಲದಕ್ಕೂ ಲಾಂಚ್. ಸಂಜೆಯ ಕೊನೆ ಲಾಂಚ್ ತಪ್ಪಿತು ಅಂದರೆ ಮುಗಿಯಿತು. ಆಮೇಲೆ ಹೆರಿಗೆ ನೋವು ಬಂದರೆ ಕೋಗಾರ್ ಘಾಟಿ ಇಳಿದು ಭಟ್ಕಳಕ್ಕೆ ಹೋಗಬೇಕು, ಇಲ್ಲ ಹೊಸನಗರದ ಕಡೆಯಿಂದ ಸುತ್ತಬೇಕು. ಬೇಸಿಗೆಯಲ್ಲಿ ನೀರು ಕೆಳಗೆ ಹೋದರೆ ಲಾಂಚಿನವರು ಗಾಡಿ ಹತ್ತಿಸುತ್ತಿರಲಿಲ್ಲ. ಶಂಕುಸ್ಥಾಪನೆ ಆದದ್ದು 2018ರಲ್ಲಿ, ಸೇತುವೆ ಓಡಾಟಕ್ಕೆ ತೆರೆದದ್ದು 2025ರ ಜುಲೈ 14ಕ್ಕೆ. ನಾಡಿಗೆಲ್ಲ ಕರೆಂಟು ಕೊಡಲು ಊರು ಬಿಟ್ಟವರು ಒಂದು ರಸ್ತೆಗೆ ಅರವತ್ತು ವರ್ಷ ಕಾದರು. ಈಗ ರಾತ್ರಿ ಎರಡು ಗಂಟೆಗೂ ಆಂಬುಲೆನ್ಸ್ ದಾಟುತ್ತದೆ. ಆ ಆಂಬುಲೆನ್ಸಿಗೆ ಮಂಜಿನಲ್ಲಿ ನಿಂತ ಕಾರು ಅಡ್ಡ ಸಿಗಬಾರದು, ಅಷ್ಟೇ ನನ್ನ ಕೋರಿಕೆ.

ನಿಮ್ಮ ಅಜ್ಜಿಗೆ ನೀರು ತೋರಿಸುವುದು ಹೇಗೆ ಅಂತ ಆಮೇಲೆ ಬರೆಯುತ್ತೇನೆ. ಕುಕ್ಕರ್ ಕೂಗುತ್ತಿದೆ.

ಘಾಟಿ ಡ್ರೈವರ್, ಹೊನ್ನಾವರ:

ಅಕ್ಕ ಹೇಳಿದ್ದು ಸರಿಯಾಗಿದೆ. ನಾನು ಲೈಟಿನ ವಿಷಯ ಮಾತ್ರ ಹೇಳುತ್ತೇನೆ. ಗೇರುಸೊಪ್ಪ ಘಾಟಿ ಹತ್ತಿ ಮಾವಿನಗುಂಡಿ, ಸಾಗರ ಅಂತ ವರ್ಷಗಟ್ಟಲೆ ಗಾಡಿ ಓಡಿಸಿದವನು.

ಮಂಜು ಕಂಡ ಕೂಡಲೇ ಹೈಬೀಮ್ ಹಾಕುವ ಚಟ ನಮ್ಮ ಜನಕ್ಕೆ ಜಾಸ್ತಿ. ಮಂಜು ಅಂದರೆ ಗಾಳಿಯಲ್ಲಿ ತೇಲುವ ನೀರಿನ ಹನಿ. ಮೇಲಕ್ಕೆ ಹೊಡೆದ ಬೆಳಕು ಆ ಹನಿಗೆ ತಾಗಿ ವಾಪಸ್ ನಿಮ್ಮ ಕಣ್ಣಿಗೇ ಬರುತ್ತದೆ. ಎದುರಿಗೆ ಬಿಳಿ ಗೋಡೆ ಎದ್ದ ಹಾಗೆ ಆಗುತ್ತದೆ. ಡಿಮ್‌ನಲ್ಲೇ ಇರಿ, ಬೆಳಕು ರಸ್ತೆಗೆ ಬೀಳಲಿ. ಫಾಗ್ ಲೈಟ್ ಇಲ್ಲ ಅಂತ ಚಿಂತೆ ಬೇಡ. ಅದು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನಿಧಾನ ಹೋದರಾಯಿತು. ಹಿಂದಿನ ಲೈಟ್ ಎರಡೂ ಉರಿಯುತ್ತವಾ ಅಂತ ಹೊರಡುವ ಮೊದಲೇ ನೋಡಿಕೊಳ್ಳಿ. ಹಳೆ ಗಾಡಿಗಳಲ್ಲಿ ಒಂದು ಸತ್ತಿರುತ್ತದೆ, ಓನರಿಗೆ ಗೊತ್ತೇ ಇರುವುದಿಲ್ಲ. ಮಂಜಿನಲ್ಲಿ ಒಂದೇ ಲೈಟ್ ಕಂಡರೆ ಹಿಂದಿನವನು ಬೈಕ್ ಅಂದುಕೊಳ್ಳುತ್ತಾನೆ.

ಗಾಡಿ ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗಬೇಡಿ. ಗಾಡಿ ನಿಂತಿದೆಯಾ, ಹೋಗುತ್ತಿದೆಯಾ, ಯಾವ ಕಡೆ ತಿರುಗುತ್ತದೆ ಅಂತ ಯಾರಿಗೂ ತಿಳಿಯುವುದಿಲ್ಲ. ಅದು ಕೆಟ್ಟು ನಿಂತಾಗ ಹಾಕುವುದು. ಗ್ಲಾಸು ಒಳಗಿನಿಂದ ಮಬ್ಬಾದರೆ ಕೈಯಲ್ಲಿ ಒರೆಸಬೇಡಿ, ಏಸಿ ಹಾಕಿ ಗಾಳಿ ಗ್ಲಾಸಿನ ಕಡೆ ಬಿಡಿ. ಹೊರಗಿನ ಹನಿಗೆ ವೈಪರ್. ಮುಂದಿನ ಗಾಡಿಯ ಕೆಂಪು ಲೈಟ್ ಹಿಡಿದು ಹಿಂದೆಯೇ ಅಂಟಿಕೊಂಡು ಹೋಗುವುದೂ ಬೇಡ. ಅವನು ಬ್ರೇಕ್ ಹಾಕಿದರೆ ನಿಮಗೆ ಜಾಗ ಇರುವುದಿಲ್ಲ.

ಇದೇ ಶರಾವತಿ ನಮ್ಮೂರಲ್ಲಿ ಸಮುದ್ರ ಸೇರುತ್ತದೆ. ಇಲ್ಲಿಯ ರೈಲು ಸೇತುವೆಯೂ ಎರಡು ಕಿ.ಮೀ. ಮೇಲಿದೆ, ಕೊಂಕಣ ರೈಲ್ವೆಯಲ್ಲೇ ಉದ್ದದ ಸೇತುವೆ. ಅಜ್ಜಿಗೆ ಶಕ್ತಿ ಇದ್ದರೆ ಇನ್ನೊಂದು ದಿನ ಈ ಕಡೆಯೂ ಕರೆದುಕೊಂಡು ಬನ್ನಿ. ಅವರ ಹೊಳೆ ಎಲ್ಲಿಗೆ ಹೋಗುತ್ತದೆ ಅಂತ ನೋಡಲಿ.

ಕೋಡಿಬಾಗದ ಪಕ್ಕದ ಮನೆ, ಕಾರವಾರ:

ನಿಮ್ಮ ಅಮ್ಮನ ಹೆದರಿಕೆ ನನಗೆ ಅರ್ಥವಾಗುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿ ಹಳೆ ಕಾಳಿ ಸೇತುವೆ ಬಿತ್ತು. ಲಾರಿಯೊಂದು ನೀರಿಗೆ ಹೋಯಿತು, ಡ್ರೈವರ್ ಬದುಕಿ ಬಂದ. ಅದೇ ಸೇತುವೆ ಮೇಲೆ ನಾವು ಸದಾಶಿವಗಡಕ್ಕೆ ಎಷ್ಟು ಸಲ ಹೋಗಿ ಬಂದಿಲ್ಲ! ಹೊತ್ತು ಬೇರೆ ಇದ್ದಿದ್ದರೆ ಅಂತ ಈಗಲೂ ಮೈ ಝುಮ್ ಅನ್ನುತ್ತದೆ. ಆದ್ದರಿಂದ "ಸುಮ್ನೆ ಹೆದರಬೇಡಿ" ಅಂತ ಅಮ್ಮನಿಗೆ ಹೇಳಬೇಡಿ. ಆ ಭಯಕ್ಕೆ ಕಾರಣ ಇದೆ.

ಆದರೆ ಎರಡಕ್ಕೂ ವ್ಯತ್ಯಾಸ ತಿಳಿಸಿ. ಬಿದ್ದದ್ದು ನಲವತ್ತು ವರ್ಷ ದಾಟಿದ ಸೇತುವೆ. ನಮ್ಮ ಅಳಿವೆಯ ನೀರು ಉಪ್ಪು, ಗಾಳಿಯೂ ಉಪ್ಪು. ಇಲ್ಲಿ ಮನೆಯ ಕಿಟಕಿ ಸರಳೇ ಕೆಲವು ವರ್ಷಕ್ಕೆ ಪದರ ಪದರ ಎದ್ದು ಬರುತ್ತದೆ. ಕಾಂಕ್ರೀಟಿನ ಒಳಗಿನ ಕಬ್ಬಿಣಕ್ಕೂ ಉಪ್ಪು ಶತ್ರುವೇ. ಲಿಂಗನಮಕ್ಕಿಯದು ಸಿಹಿನೀರು, ಸೇತುವೆ ಹೊಸದು, ನಡುವಿನ ಭಾಗವನ್ನು ಕೇಬಲ್ ಹಿಡಿದಿದೆ. ಹೊಸದು ಅಂತ ಮರೆತು ಕೂರಬಾರದು, ಅದಕ್ಕೂ ಕಾಲಕಾಲಕ್ಕೆ ತಪಾಸಣೆ ಆಗಲೇಬೇಕು. ಇದನ್ನು ಆ ಭಾಗದ ಜನ ಈಗಿನಿಂದಲೇ ಕೇಳುತ್ತಿರಬೇಕು. ನಮ್ಮಲ್ಲಿ ಬಿದ್ದ ಮೇಲೆ ಕೇಳಿದೆವು.

ಶಿರಸಿ ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಾರವಾರದವರು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. "ಹಾಗಾದ್ರೆ ನಾನೂ ಬರ್ತೆ" ಅಂದರು. ಹಿಂದಿನ ಲೈಟ್ ನೋಡಿದೆ, ಎಡಗಡೆಯದು ಉರಿಯುತ್ತಿಲ್ಲ. ನಾಳೆ ಹಾಕಿಸುತ್ತೇನೆ. ಏಳು ಗಂಟೆಗೇ ಹೊರಡುತ್ತೇವೆ.

ಅಕ್ಕ, ಅಜ್ಜಿ ಒಂದು ಕೇಳುತ್ತಿದ್ದಾರೆ. ಮನೆ ಇದ್ದ ಜಾಗ ಸೇತುವೆ ಮೇಲಿಂದ ಕಾಣುತ್ತದಾ? ಮನೆ ಹಿಂದೆ ಬಾಳೆ ಬೆಳೆದ ದಿಬ್ಬ ಇತ್ತು, ಮುಂದೆ ಗದ್ದೆ, ಗದ್ದೆ ದಾಟಿದರೆ ಹೊಳೆ ಅಂತಾರೆ. ಅಷ್ಟೇ ಗುರುತು.

ಹೊಳೆಯಾಚೆ ಮನೆ:

ತಮ್ಮಾ, ಈಗ ಕಾಣುವುದಿಲ್ಲ. ಅಜ್ಜಿಗೆ ಮೊದಲೇ ಹೇಳಿ ಕರೆದುಕೊಂಡು ಬನ್ನಿ. ಇಲ್ಲದಿದ್ದರೆ ಅಷ್ಟು ದೂರ ಬಂದು ಬೇಜಾರು ಮಾಡಿಕೊಳ್ಳುತ್ತಾರೆ. ಮಳೆಗಾಲದಲ್ಲಿ ತುಂಬಿದ ನೀರು ಡಿಸೆಂಬರಿನಲ್ಲಿ ಅಷ್ಟೊಂದು ಇಳಿದಿರುವುದಿಲ್ಲ. ಕಣ್ಣು ಹಾಯಿಸಿದಷ್ಟೂ ನೀರು, ನಡುವೆ ಗುಡ್ಡದ ತಲೆಗಳು. ಆ ಗುಡ್ಡಗಳನ್ನು ತೋರಿಸಿ. ಗದ್ದೆ ಹೋಯಿತು, ಗುಡ್ಡ ಹೋಗಲಿಲ್ಲ. ನಮ್ಮ ಅತ್ತೆ ಗುಡ್ಡದ ಆಕಾರ ನೋಡಿಯೇ ಇದು ಇಂಥ ಊರು, ಅದು ಇಂಥವರ ಸೊಪ್ಪಿನಬೆಟ್ಟ ಅಂತ ಹೇಳುತ್ತಾರೆ. ನಿಮ್ಮ ಅಜ್ಜಿಯೂ ಗುರುತು ಹಿಡಿಯಬಹುದು.

ಹೊಳೆಬಾಗಿಲಿನಲ್ಲಿ, ಸೇತುವೆ ಹತ್ತುವ ಮೊದಲು, ಹಳೇ ಲಾಂಚಿನ ದಡದ ಹತ್ತಿರ ಕಾರು ಬದಿಗೆ ನಿಲ್ಲಿಸಿ. ಅಲ್ಲಿಂದ ಅಜ್ಜಿ ಕೂತಲ್ಲೇ ಇಡೀ ಸೇತುವೆ, ನೀರು, ಎದುರಿನ ಕಳಸವಳ್ಳಿ ದಡ ಎಲ್ಲ ಕಾಣುತ್ತದೆ. ಮಂಜು ಇನ್ನೂ ಇದ್ದರೆ ಅಲ್ಲೇ ಚಾ ಕುಡಿದು ಕಾಯಿರಿ. ಲಾಂಚಿಗೆ ಗಂಟೆಗಟ್ಟಲೆ ಕಾದ ದಡ ಅದು, ಅರ್ಧ ಗಂಟೆ ಏನೂ ದೊಡ್ಡದಲ್ಲ. ಅಜ್ಜಿಗೆ ನಡೆಯುವ ಶಕ್ತಿ ಇದ್ದರೆ ಬಿಸಿಲು ಬಂದ ಮೇಲೆ ಪಕ್ಕದ ಕಾಲುದಾರಿಯಲ್ಲಿ ಕೈ ಹಿಡಿದು ಸ್ವಲ್ಪ ದೂರ ಕರೆದುಕೊಂಡು ಹೋಗಿ. ಕಾರು ಮಾತ್ರ ಸೇತುವೆ ಮೇಲೆ ಬೇಡ. ನೀರಿನ ಮೇಲೆ ಗಾಳಿ ಜೋರು ಇರುತ್ತದೆ, ಶಾಲು ಇರಲಿ.

ಜನವರಿಗೆ ಮುಂದೂಡಿದರೆ 14, 15 ಬಿಟ್ಟು ಬನ್ನಿ. ಸಂಕ್ರಾಂತಿ ಜಾತ್ರೆ, ವಯಸ್ಸಾದವರಿಗೆ ಆ ಜನಸಂದಣಿ ಆಗುವುದಿಲ್ಲ.

ಮತ್ತೆ ಮೇ ತಿಂಗಳಲ್ಲಿ ಇನ್ನೊಮ್ಮೆ ಕರೆದುಕೊಂಡು ಬನ್ನಿ. ನೀರು ಇಳಿದಾಗ ಹಳೇ ಗದ್ದೆಯ ಬಯಲು, ಒಣಗಿ ನಿಂತ ಮರದ ಬೊಡ್ಡೆ, ಮಡೆನೂರಿನ ಹಳೇ ಅಣೆಕಟ್ಟು ಎಲ್ಲ ಮೇಲೆ ಬರುತ್ತವೆ. ಅಜ್ಜಿಯ ಊರಿನ ಹೆಸರು ಇಲ್ಲಿ ಬರೆಯಿರಿ. ನಮ್ಮ ಅತ್ತೆಯನ್ನು ಕೇಳಿ, ಯಾವ ದಡಕ್ಕೆ ಹೋದರೆ ಹತ್ತಿರ ಅಂತ ತಿಳಿಸುತ್ತೇನೆ.