ಅಪ್ಪನ ಮೊದಲ ಬೇಸ್‌ಬಾಲ್ ಮ್ಯಾಚ್: ವೈಲ್ಡ್ ಕಾರ್ಡ್ ಸರಣಿಯಲ್ಲಿ ಯಾವ ದಿನಕ್ಕೆ ಟಿಕೆಟ್ ತಗೊಳ್ಳಲಿ?

ಶಿಕಾಗೋದಿಂದ ಪ್ರಶ್ನೆ
ಶಿವಮೊಗ್ಗದಿಂದ ಅಪ್ಪ ಬಂದಿದ್ದಾರೆ, ಅಕ್ಟೋಬರ್ ಮಧ್ಯದವರೆಗೆ ಇರುತ್ತಾರೆ. ಕ್ರಿಕೆಟ್ ಅಂದರೆ ಪ್ರಾಣ, ಬೇಸ್‌ಬಾಲ್ ಒಂದೂ ನೋಡಿಲ್ಲ. ನಮ್ಮೂರಿನ ಕಬ್ಸ್ ತಂಡಕ್ಕೆ ಪೋಸ್ಟ್‌ಸೀಸನ್‌ನ (ಲೀಗ್ ಮುಗಿದ ಮೇಲಿನ ನಾಕೌಟ್ ಹಂತ) ಮೊದಲ ಸುತ್ತಾದ ವೈಲ್ಡ್ ಕಾರ್ಡ್ ಸರಣಿ ತವರಿನ ರಿಗ್ಲಿ ಫೀಲ್ಡ್‌ನಲ್ಲೇ ಸಿಕ್ಕರೆ ಒಂದು ದಿನ ಕರೆದುಕೊಂಡು ಹೋಗುವ ಆಸೆ. ಮೂರು ಮ್ಯಾಚ್‌ಗಳಲ್ಲಿ ಯಾವುದು ಒಳ್ಳೆಯದು? ವಯಸ್ಸು 72, ಜಾಸ್ತಿ ಹೊತ್ತು ಕೂತರೆ ಸೊಂಟ ನೋವು ಬರುತ್ತದೆ.

ಮಿನಿಯಾಪೊಲಿಸ್‌ನಿಂದ
ಕಣ್ಣು ಮುಚ್ಚಿಕೊಂಡು ಮೊದಲನೆಯದಕ್ಕೆ ತಗೊಳ್ಳಿ. ಮೂರೂ ಒಂದೇ ಮೈದಾನದಲ್ಲಿ, ದಿನ ಬಿಡದೆ ನಡೆಯುತ್ತವೆ. ಎರಡು ಗೆದ್ದವರು ಮುಂದಕ್ಕೆ. ಹಾಗಾಗಿ ಮೂರನೆಯದು ನಡೆದೇ ನಡೆಯುತ್ತದೆ ಅನ್ನುವ ಹಾಗಿಲ್ಲ. ಈ ಪದ್ಧತಿ ಬಂದ 2022ರಿಂದ 2025ರವರೆಗೆ 16 ಸರಣಿ ನಡೆದವು, ಮೂರನೇ ಮ್ಯಾಚ್‌ವರೆಗೆ ಹೋಗಿದ್ದು ಐದೇ.

2023ರಲ್ಲಿ ನಮ್ಮ ಟ್ವಿನ್ಸ್ ತಂಡ ಟೊರೊಂಟೊ ವಿರುದ್ಧ ಆಡಿದ ಮೊದಲ ಮ್ಯಾಚ್‌ಗೆ ನಾನೂ ನನ್ನ ಮಾವನೂ ಟಾರ್ಗೆಟ್ ಫೀಲ್ಡ್‌ನಲ್ಲಿ ಇದ್ದೆವು. 2004ರಿಂದ ಪೋಸ್ಟ್‌ಸೀಸನ್‌ನಲ್ಲಿ ಸತತ 18 ಸೋಲು ಕಂಡ ತಂಡ ಅದು. ರಾಯ್ಸ್ ಲೂಯಿಸ್ ಮೊದಲ ಎರಡು ಸಲ ಬ್ಯಾಟ್ ಹಿಡಿದಾಗಲೂ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದ. 3-1ರಿಂದ ಗೆದ್ದಾಗ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಅಳುತ್ತಾ ನಮ್ಮ ಮಾವನ ಕೈ ಹಿಡಿದುಕೊಂಡರು. ಮಾವನಿಗೆ ಆಟದ ನಿಯಮ ಅರ್ಧ ಗೊತ್ತಿರಲಿಲ್ಲ. ಅವರಿಗೂ ಕಣ್ಣು ತುಂಬಿತ್ತು.

ಅಪ್ಪನಿಗೆ ಒಂದು ವಿಷಯ ಮೊದಲೇ ಹೇಳಿಬಿಡಿ. ಇಷ್ಟು ಚಿಕ್ಕ ಸರಣಿಯಲ್ಲಿ ಚೆನ್ನಾಗಿ ಎಸೆಯುತ್ತಿರುವ ಪಿಚರ್‌ನನ್ನೂ (ನಮ್ಮ ಬೌಲರ್ ಇದ್ದ ಹಾಗೆ) ಬೇಗ ತೆಗೆದುಬಿಡುತ್ತಾರೆ. ಮರುದಿನ ಟೊರೊಂಟೊದವರು ಹೊಸೆ ಬೆರಿಯೊಸ್‌ನನ್ನು 47 ಎಸೆತಕ್ಕೇ ವಾಪಸ್ ಕರೆದರು. ಅಲ್ಲಿಯವರೆಗೆ ಅವನು ಒಂದು ರನ್ನೂ ಕೊಟ್ಟಿರಲಿಲ್ಲ! ಅದೇ ಇನ್ನಿಂಗ್ಸ್‌ನಲ್ಲಿ ಟ್ವಿನ್ಸ್ ಎರಡು ರನ್ ಗಳಿಸಿತು, ಮ್ಯಾಚ್ ಮುಗಿದಿದ್ದೂ 2-0ಗೆ. ನಮ್ಮ ಕ್ರಿಕೆಟ್‌ನಲ್ಲಾದರೆ ಆ ಬೌಲರ್‌ನನ್ನು ಫೀಲ್ಡಿಂಗ್‌ಗೆ ನಿಲ್ಲಿಸಿ ಆಮೇಲೆ ಮತ್ತೆ ಚೆಂಡು ಕೊಡಬಹುದು. ಇಲ್ಲಿ ಹೊರಗೆ ಹೋದವನು ಆ ಮ್ಯಾಚ್‌ಗೆ ವಾಪಸ್ ಬರುವಂತಿಲ್ಲ. ಇದು ಗೊತ್ತಿದ್ದರೆ ಆಟದ ರುಚಿಯೇ ಬೇರೆ.

ಕ್ಲೀವ್‌ಲ್ಯಾಂಡ್‌ನಿಂದ
ಸೊಂಟ ನೋವು ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ದಾರಿ ಪಕ್ಕದ ಸೀಟು ತಗೊಳ್ಳಿ, ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ. ಪೋಸ್ಟ್‌ಸೀಸನ್‌ನಲ್ಲಿ ಮ್ಯಾಚ್ ಎಳೆದರೆ ಎಳೆಯಿತು. ಲೀಗ್ ಹಂತದಲ್ಲಿ ಒಂಬತ್ತು ಇನ್ನಿಂಗ್ಸ್ ಮುಗಿದರೂ ಸಮವಾಗಿದ್ದರೆ, ಹತ್ತನೆಯದರಿಂದ ಎರಡನೇ ಬೇಸ್‌ನಲ್ಲಿ (ರನ್ ಓಟದ ಅರ್ಧ ದಾರಿಯಲ್ಲಿ) ಒಬ್ಬನನ್ನು ಸುಮ್ನೆ ನಿಲ್ಲಿಸುತ್ತಾರೆ, ಬೇಗ ಮುಗಿಯಲಿ ಅಂತ. ಇಲ್ಲಿ ಅದಿಲ್ಲ. 2022ರಲ್ಲಿ ಟ್ಯಾಂಪಾ ವಿರುದ್ಧ ನಮ್ಮ ಎರಡನೇ ಮ್ಯಾಚ್ 15 ಇನ್ನಿಂಗ್ಸ್ ಹೋಯಿತು. ಐದು ಗಂಟೆ ಹತ್ತಿರ ಕೂತಿದ್ದೆವು, ಸ್ಕೋರ್ 0-0. ಕೊನೆಗೆ ಆಸ್ಕರ್ ಗೊಂಜಾಲೆಸ್ ಒಂದೇ ಒಂದು ಹೋಮ್ ರನ್ ಹೊಡೆದು ಮುಗಿಸಿದ. ಎಸೆದವನು ಕೋರಿ ಕ್ಲೂಬರ್, ಒಂದು ಕಾಲಕ್ಕೆ ನಮ್ಮವನೇ. ನನಗೆ ಖುಷಿಯ ಜೊತೆ ಅಯ್ಯೋ ಅನ್ನಿಸಿತು. ಸ್ವೆಟರ್, ಮಫ್ಲರ್ ಮರೆಯಬೇಡಿ. ಬಿಸಿಲಿದ್ದರೂ ನೆರಳಿನ ಸೀಟಿನಲ್ಲಿ ಚಳಿ ಹತ್ತುತ್ತದೆ.

ಸೇಂಟ್ ಲೂಯಿಸ್‌ನಿಂದ
ಟ್ರಾಫಿಕ್‌ಗೆ ಹೆದರಿ ಬೇಗ ಎದ್ದು ಬರಬೇಡಿ, ದಯವಿಟ್ಟು. 2022ರ ಮೊದಲ ಮ್ಯಾಚ್‌ನಲ್ಲಿ ಎಂಟು ಇನ್ನಿಂಗ್ಸ್ ಮುಗಿದಾಗ ನಮ್ಮ ಕಾರ್ಡಿನಲ್ಸ್ ತಂಡ 2-0 ಮುಂದಿತ್ತು. ಗೆದ್ದೆವು ಅಂತ ನಾವು ಕಾರಿನ ಕಡೆ ಹೊರಟೆವು. ಒಂಬತ್ತನೆಯದರಲ್ಲಿ ಎದುರಾಳಿ ಫಿಲಿಸ್ ಆರು ರನ್ ಬಾರಿಸಿತು. ಅದನ್ನು ರೇಡಿಯೊದಲ್ಲಿ ಕೇಳಿಸಿಕೊಂಡೆವು. ಮರುದಿನವೂ ಸೋಲು. ನಮ್ಮ ಹಿರಿಯ ಆಟಗಾರರಾದ ಪೂಹೋಲ್ಸ್ ಮತ್ತು ಮೊಲೀನಾ ಇಬ್ಬರಿಗೂ ವೃತ್ತಿಜೀವನದ ಕೊನೆಯ ಮ್ಯಾಚ್ ಅದೇ. ನಮ್ಮ ಹತ್ತಿರ ಇದ್ದಿದ್ದು ಒಂದೇ ದಿನದ ಟಿಕೆಟ್. ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಶಿಕಾಗೋದಿಂದ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. "47 ಎಸೆತಕ್ಕೇ ತೆಗೆದರಾ?" ಅಂತ ಎರಡು ಸಲ ಕೇಳಿದರು. ಮೊದಲ ಮ್ಯಾಚ್‌ಗೆ ದಾರಿ ಪಕ್ಕದ ಎರಡು ಸೀಟು ಹುಡುಕುತ್ತೇನೆ. ಅಮ್ಮ ಮಫ್ಲರ್ ತೆಗೆದಿಟ್ಟಾಯಿತು.