ಅಮೆರಿಕದ ಕಬೂಸ್: ಚಾವಣಿ ಮೇಲಿನ ಗೂಡು ಪಕ್ಕದ ಕಿಟಕಿಯಾಗಿದ್ದೇಕೆ?

ಹಳಿಪ್ರಿಯ:
1:87 ಅಳತೆಯಲ್ಲಿ ಬಾಲ್ಟಿಮೋರ್ ಅಂಡ್ ಓಹಾಯೋ ಕಂಪನಿಯ 1940ರ ದಶಕದ ಗೂಡ್ಸ್ ರೈಲಿನ ಮಾದರಿ ಮಾಡುತ್ತಿದ್ದೇನೆ. ಕೊನೆಗೆ ಜೋಡಿಸುವ ಕಬೂಸ್, ಅಂದರೆ ಸಿಬ್ಬಂದಿ ಕೂರುವ ಡಬ್ಬಿ, ಯಾವುದಿರಬೇಕು? ಕೆಲವು ಫೋಟೋಗಳಲ್ಲಿ ಚಾವಣಿ ಮೇಲೆ ಕಿಟಕಿಗಳ ಗೂಡು, ಅಂದರೆ ಕ್ಯುಪೋಲಾ ಇದೆ. ಇನ್ನು ಕೆಲವದರಲ್ಲಿ ಚಾವಣಿ ಬೋಳು, ಎರಡೂ ಪಕ್ಕ ಉಬ್ಬಿದ ಕಿಟಕಿ. ಯಾಕೆ ಹೀಗೆ ಬದಲಾಯಿತು?

ಕೊನೆಡಬ್ಬಿ:
ಆಗ ಎರಡೂ ಓಡುತ್ತಿದ್ದವು. ಒಂದೇ ಮಾಡುವುದಾದರೆ 1941ರಿಂದ ಕಟ್ಟಿದ, ಪಕ್ಕಕ್ಕೆ ಉಬ್ಬಿದ ಕಿಟಕಿಯ (ಬೇ ವಿಂಡೋ) ಐ-12 ದರ್ಜೆಯದನ್ನು ಮಾಡಿ. ಅದರ ಗೋಡೆಯೇ ಮೇಲಕ್ಕೆ ಬಾಗಿ ಚಾವಣಿಯಾಗುತ್ತದೆ. ಆ ಬಾಗು ಸರಿಯಾಗಿ ಬರದಿದ್ದರೆ ಅದು ಬಾಲ್ಟಿಮೋರ್ ಅಂಡ್ ಓಹಾಯೋದ್ದು ಅನ್ನಿಸುವುದೇ ಇಲ್ಲ.

ಬದಲಾವಣೆಗೆ ಕಾರಣ ಮುಂದಿನ ರೈಲು ಸರಿಯಾಗಿ ಕಾಣದಿದ್ದದ್ದು. ಕಬೂಸ್‌ನಲ್ಲಿ ಕೂತ ಕಂಡಕ್ಟರ್ (ನಮ್ಮ ಗಾರ್ಡ್‌ನಂತೆ), ಬ್ರೇಕ್‌ಮನ್ ಮುಖ್ಯವಾಗಿ ಕಾಯುತ್ತಿದ್ದದ್ದು ಹಾಟ್ ಬಾಕ್ಸ್‌ಗೆ, ಅಂದರೆ ಕಾದ ಬೇರಿಂಗಿಗೆ. ಆಗಿನ ವ್ಯಾಗನ್‌ಗಳಲ್ಲಿ ಆಕ್ಸಲ್ ತುದಿ ಲೋಹದ ಬೇರಿಂಗಿನಡಿ ತಿರುಗುತ್ತಿತ್ತು, ಅದಕ್ಕೆ ಕೆಳಗಿನಿಂದ ಎಣ್ಣೆ ಹಚ್ಚುತ್ತಿದ್ದದ್ದು ಎಣ್ಣೆಯಲ್ಲಿ ನೆನೆಸಿದ ಹತ್ತಿನೂಲು. ಎಣ್ಣೆ ಬತ್ತಿದರೆ ಬೇರಿಂಗ್ ಕಾದು ಹೊಗೆ, ಆಮೇಲೆ ಬೆಂಕಿ; ಗಮನಿಸದೆ ಬಿಟ್ಟರೆ ಆಕ್ಸಲ್ಲೇ ಮುರಿದು ರೈಲು ಹಳಿ ತಪ್ಪುತ್ತದೆ. ಬಾಕ್ಸ್ ವ್ಯಾಗನ್‌ಗಳು ಎತ್ತರವಾದಂತೆ ಕ್ಯುಪೋಲಾದಿಂದ ಕಾಣುತ್ತಿದ್ದದ್ದು ಮುಂದಿನ ವ್ಯಾಗನ್ನಿನ ಗೋಡೆ ಮಾತ್ರ. ಗೂಡನ್ನು ಇನ್ನೂ ಎತ್ತರಿಸೋಣವೆಂದರೆ ಪೂರ್ವ ಅಮೆರಿಕದ ಹಳೆಯ ಸುರಂಗಗಳು ಬಿಡವು. ಪಕ್ಕದ ಕಿಟಕಿಯಿಂದಾದರೆ ರೈಲಿನ ಮಗ್ಗುಲು ಉದ್ದಕ್ಕೂ ಕಾಣುತ್ತದೆ, ಚಕ್ರದ ಮಟ್ಟದಲ್ಲಿ ಜೋತು ಎಳೆದಾಡುವ ಕಬ್ಬಿಣವೂ ಸೇರಿ.

ಎಂಟುಚಕ್ರ:
ಎತ್ತರ ಅರ್ಧ ಕಾರಣ ಅಷ್ಟೆ. ಇನ್ನರ್ಧ ಸ್ಲ್ಯಾಕ್, ಅಂದರೆ ವ್ಯಾಗನ್‌ಗಳ ಕೊಂಡಿಗಳಲ್ಲಿನ ಸಡಿಲ. ವ್ಯಾಗನ್ನಿಗೆ ಅರ್ಧ ಅಡಿ ಸಡಿಲವೆಂದು ಹಿಡಿದರೂ ನೂರು ವ್ಯಾಗನ್ನಿಗೆ 50 ಅಡಿ. ಎಂಜಿನ್ ಬ್ರೇಕ್ ಹಿಡಿದಾಗ ಆ ಸಡಿಲವೆಲ್ಲ ಒಂದರ ಹಿಂದೊಂದು ಮುಚ್ಚಿಕೊಂಡು ಕೊನೆಯ ಡಬ್ಬಿಗೆ ಗುದ್ದಿನಂತೆ ಬಂದು ತಗಲುತ್ತದೆ. ಕ್ಯುಪೋಲಾದ ಎತ್ತರದ ಸೀಟಿನಿಂದ ಬಿದ್ದವನಿಗೆ ಮೂಳೆ ಮುರಿಯಲೂಬಹುದು. ಒಲೆಯ ಮೇಲ್ಭಾಗಕ್ಕೂ ಸುತ್ತ ಕಬ್ಬಿಣದ ಅಂಚು ಕಟ್ಟಿರುತ್ತಿದ್ದದ್ದು ಪಾತ್ರೆ ಹಾರಬಾರದೆಂದೇ. ನಿಮ್ಮ ಮಾದರಿಯೊಳಗೆ ದೀಪ ಹಾಕುವುದಾದರೆ ಆ ಅಂಚು ಮರೆಯಬೇಡಿ.

ಬೇ ವಿಂಡೋಗೂ ಕೊರತೆಯಿದೆ: ಒಂದು ಕಿಟಕಿಗೆ ಒಂದೇ ಪಕ್ಕ, ತಿರುವಿನಲ್ಲಿ ಹೊರಬದಿಯವನಿಗೆ ರೈಲೇ ಕಾಣದು. ಹಾಗಾಗಿ ಜಾಗ ಧಾರಾಳವಿದ್ದ ಕಡೆ ಕ್ಯುಪೋಲಾವನ್ನೇ ಗೋಡೆಗಿಂತ ಆಚೆ ಚಾಚಿ ಅಗಲಿಸಿದರು. ಇಂಥವಕ್ಕೆ ಓಹಾಯೋದ ಕೆಂಟನ್‌ನಲ್ಲಿದ್ದ ಇಂಟರ್‌ನ್ಯಾಷನಲ್ ಕಾರ್ ಕಂಪನಿ ಹೆಸರುವಾಸಿ. ನಿಮ್ಮ ರೈಲಿಗೆ ಮಾತ್ರ ಅದು ಬೇಡ, ಕಾಲ ಹೊಂದುವುದಿಲ್ಲ.

ಹಳಿಪ್ರಿಯ:
ಐ-12 ಖಚಿತ. ಹಿಂದೆ ಮಿನುಗುವ ಕೆಂಪು ದೀಪ ಹಾಕಲೇ?

ಕೊನೆಡಬ್ಬಿ:
ಬೇಡ. ಅದು ಕಬೂಸ್ ಬದಲು ಬಂದ ಪೆಟ್ಟಿಗೆಯ ಗುರುತು, 1980ರ ದಶಕದಲ್ಲಿ ಹರಡಿದ್ದು. ಬ್ರೇಕ್ ಪೈಪಿನ ಒತ್ತಡ ಅಳೆದು ರೇಡಿಯೋದಲ್ಲಿ ಎಂಜಿನ್‌ಗೆ ತಿಳಿಸುತ್ತದೆ. ಮೊದಮೊದಲು ಅದಕ್ಕೆ ಹಿಂದಿನಿಂದ ಬ್ರೇಕ್ ಹಾಕಲು ಬರುತ್ತಿರಲಿಲ್ಲ. ಪೈಪಿನ ಗಾಳಿ ಬಿಟ್ಟು ಬ್ರೇಕ್ ಹಾಕಲು ಕಂಡಕ್ಟರ್ ಕೈಯಲ್ಲಿದ್ದ ವಾಲ್ವ್ ಅವನ ಜೊತೆಗೇ ಹೋಗಿತ್ತು. 1996ರಲ್ಲಿ ಕ್ಯಾಲಿಫೋರ್ನಿಯಾದ ಕಾಹೋನ್ ಇಳಿಜಾರಿನಲ್ಲಿ ರೈಲೊಂದು ಬ್ರೇಕ್ ಹಿಡಿಯದೆ ನುಗ್ಗಿದ ಮೇಲೆ, ಎಂಜಿನ್ನಿನಿಂದಲೇ ಹಿಂದಿನ ಗಾಳಿ ಬಿಡಿಸಬಲ್ಲ ಪೆಟ್ಟಿಗೆ ಕಡ್ಡಾಯವಾಯಿತು.

ನಿಮ್ಮದಕ್ಕೆ ಹಿಂಬದಿಯ ಎರಡು ಮೂಲೆಗೆ ಎಣ್ಣೆ ದೀಪ ಸಾಕು. ಕೆಂಪು ಹಿಂದಕ್ಕೆ ಇರಲಿ, ಮಿನುಗಬಾರದು.